ಮೊಣಕೈ ಹಿಂದಿನ ಮುಖ

ಕ್ಲೈಡ್ ಬಿಳಿ ಬಣ್ಣದ ಡಬ್ಬದ ಮುಚ್ಚಳ ಕಿತ್ತು, ರೋಲರ್ ಅದ್ದಿಕೊಂಡು ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಎದುರು ಮನೆಯ ವರ್ನೆಲ್ ರಸ್ತೆ ದಾಟಿ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟಳು. ಅರವತ್ತೆಂಟರ ಹೆಂಗಸು. ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ, ಕೈಯಲ್ಲಿ ಇನ್ನೂ ಪಾತ್ರೆ ಒರೆಸುವ ಬಟ್ಟೆ.

"ಜರುಗಿ ಮಿಸ್ ವರ್ನೆಲ್, ಮೈಮೇಲೆ ಬಣ್ಣ ಬೀಳುತ್ತೆ."

"ಬೀಳ್ಲಿ. ಈ ಗೋಡೆ ಮಾತ್ರ ಮುಟ್ಬೇಡ."

ಗೋಡೆ ಕ್ಲೈಡ್‌ನದೇ, ಅವನ ದಿನಸಿ ಅಂಗಡಿಯ ಪಕ್ಕದ ಗೋಡೆ. ಅದರ ತುಂಬ ಬಣ್ಣದಲ್ಲಿ ಬರೆದ ಕೀನನ್ ಹೋಲ್ಟ್ ಇದ್ದ. ಎರಡಂತಸ್ತಿನ ಎತ್ತರಕ್ಕೆ ಜಿಗಿದು, ಬಾಸ್ಕೆಟ್‌ಬಾಲನ್ನು ಒಂದೇ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದಿದ್ದ. ಟೊಲೆಡೊ ಊರಿನ ಜನ ತಮ್ಮ ತಂಡಕ್ಕೆ ಆಡಿದ ಏಳು ವರ್ಷವೂ ಅವನನ್ನು ಮನೆಮಗನ ಹಾಗೆ ಮೆರೆಸಿದ್ದರು. ನಿನ್ನೆಗೆ ಅವನ ಒಪ್ಪಂದ ಮುಗಿದಿತ್ತು, ಇಷ್ಟ ಬಂದ ತಂಡಕ್ಕೆ ಹೋಗಬಹುದಿತ್ತು. ಇವತ್ತು ಬೆಳಿಗ್ಗೆ ಫೋನಿನಲ್ಲಿ ಎರಡು ಸಾಲು ಬರೆದು ಹಾಕಿ ಕ್ಯಾಲಿಫೋರ್ನಿಯಾದ ತಂಡಕ್ಕೆ ಹೊರಟೇಹೋದ. ಹನ್ನೊಂದು ಗಂಟೆಗೆಲ್ಲ ಅವನ ಹೆಸರಿನ ಅಂಗಿಗಳು ಬೀದಿಯ ಕಸದ ಡಬ್ಬಿ ಸೇರಿದ್ದವು. ಮೊದಲು ಎಸೆದವಳು ಇದೇ ವರ್ನೆಲ್.

"ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು ಅವನ ಜನ್ಮ ಜಾಲಾಡಿದ್ದು ನೀವೇ ತಾನೆ? ಈಗ ಅವನಿಗೇ ಕಾವಲಾ?"

"ಅವನಿಗಲ್ಲ ಕಣೋ. ಮೇಲೆ ನೋಡು."

ಕ್ಲೈಡ್ ಕತ್ತೆತ್ತಿದ. ಹೋಲ್ಟ್‌ನ ಹಿಂದೆ ಕೈಯೆತ್ತಿ ಕೂಗುತ್ತಿರುವ ಪ್ರೇಕ್ಷಕರ ಸಾಲುಗಳು. ಹೋಲ್ಟ್ ಊರಿಗೆ ಬಂದ ವರ್ಷವೇ ಈ ಚಿತ್ರ ಬರೆದ ರೂಬೆನ್ ಎಲ್ಲಿಂದಲೋ ಮುಖಗಳನ್ನು ತಂದಿರಲಿಲ್ಲ, ಈ ಬೀದಿಯವರನ್ನೇ ಕೂರಿಸಿದ್ದ. ಹೋಲ್ಟ್‌ನ ಮಡಿಸಿದ ಎಡ ಮೊಣಕೈ ಪಕ್ಕದಲ್ಲಿ ಅರ್ಧ ಮುಖವೊಂದು ಇಣುಕುತ್ತಿತ್ತು: ಒಂದು ಕಣ್ಣು, ಅರ್ಧ ಮೀಸೆ, ಬಸ್ ಚಾಲಕನ ಟೋಪಿ. ವರ್ನೆಲ್‌ಳ ಗಂಡ ಲೂಷಸ್. ತೀರಿಹೋಗಿ ಎರಡು ವರ್ಷವಾಗಿತ್ತು. ದಿನಾ ಬೆಳಿಗ್ಗೆ ಕಾಫಿ ಹಿಡಿದು ಅಡುಗೆಮನೆಯ ಕಿಟಕಿಗೆ ಬಂದರೆ ಅವಳಿಗೆ ಎದುರಾಗುತ್ತಿದ್ದದ್ದು ಆ ಅರ್ಧ ಮುಖ.

ಕ್ಲೈಡ್ ರೋಲರ್ ಕೆಳಗಿಳಿಸಿದ. ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

"ನಂಗೆ ಹೊಳೀಲೇ ಇಲ್ಲ, ಮಿಸ್ ವರ್ನೆಲ್."

"ಹೊಳಿಯೋದಕ್ಕೆ ತಲೆ ಬೇಕಲ್ಲ. ಆ ಮೂಲೇಲಿ ನೀನೂ ಇದ್ದೀಯ ನೋಡು, ತಲೆ ತುಂಬ ಕೂದಲು! ಅದನ್ನೂ ಬಳಿದು ಹಾಕ್ತಿದ್ದೆಯಲ್ಲೋ."

ಕ್ಲೈಡ್ ಬೋಳುತಲೆ ಸವರಿಕೊಂಡು ರೂಬೆನ್‌ಗೆ ಫೋನು ಮಾಡಿದ.

ಮಧ್ಯಾಹ್ನ ರೂಬೆನ್ ಬಂದು ಗೋಡೆಯನ್ನು ತುಂಬ ಹೊತ್ತು ನೋಡಿದ. "ಹೋಲ್ಟ್‌ನ ತೆಗೀಬಹುದು. ಆದ್ರೆ ಲೂಷಸ್ ಅರ್ಧಕ್ಕೇ ನಿಲ್ತಾರೆ. ಮೊಣಕೈ ಹಿಂದೆ ನಾನು ಏನೂ ಬರ್ದಿಲ್ಲ."

"ಗೊತ್ತು. ಆ ಹುಡುಗ ನನ್ನ ಮುಖಕ್ಕೆ ಅಡ್ಡ ಬಂದ ಅಂತ ಲೂಷಸ್ ಅವತ್ತೇ ನಿನ್ನ ಹತ್ರ ಜಗಳ ಆಡಿದ್ನಲ್ಲ." ವರ್ನೆಲ್ ಪಾತ್ರೆಯ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡಳು. "ಉಳಿದರ್ಧ ಈಗ ಬರಿ."

ಎರಡು ದಿನ ಅವಳು ಬಿಸಿಲಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಗೋಡೆಯೆದುರು ಕೂತಳು. ಫೋಟೊ ತರಲಿಲ್ಲ, ಬಾಯಲ್ಲೇ ಹೇಳಿದಳು. ಆ ಕಡೆಯ ಹುಬ್ಬಿನ ಮೇಲೆ ಗಾಯದ ಗುರುತಿದೆ, ಬಸ್ಸಿನ ಬಾಗಿಲು ಬಡಿದದ್ದು. ಮೀಸೆ ಆ ಕಡೆ ಚೂರು ಗಿಡ್ಡ, ಅವನಿಗೆ ಯಾವತ್ತೂ ಸಮ ಕತ್ತರಿಸಲು ಬರುತ್ತಿರಲಿಲ್ಲ. ರೂಬೆನ್ ಗೋಡೆಗೆ ಕಟ್ಟಿದ ಸಾರುವೆಯ ಮೇಲೆ ನಿಂತು ಹೇಳಿದಂತೆ ತಿದ್ದುತ್ತಿದ್ದ. ಹೋಲ್ಟ್ ಕಾಲಿನಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವೇ ಮಾಯವಾಗುತ್ತ ಬಂದ.

ಕ್ಲೈಡ್ ನಿಂಬೆಹಣ್ಣಿನ ಪಾನಕ ತಂದುಕೊಟ್ಟು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. "ಮೂವತ್ತೊಂದು ವರ್ಷ ಆಯ್ತು ಹೋಲ್ಟ್‌ಗೆ. ಒಂದು ಕಪ್ಪೂ ಗೆದ್ದಿಲ್ಲ. ನಾನಾಗಿದ್ರೂ ಹೋಗ್ತಿದ್ದೆ."

"ನಾನೂ ಹೋಗ್ತಿದ್ದೆ," ಅಂದಳು ವರ್ನೆಲ್. "ಅದಕ್ಕೇ ಹೊಟ್ಟೆ ಉರಿಯೋದು."

ಕಡೆಗೆ ಉಳಿದದ್ದು ಕಣ್ಣು. ರೂಬೆನ್ ಮೇಲಿನಿಂದ ಬಗ್ಗಿ ಕೇಳಿದ, "ಮಿಸ್ ವರ್ನೆಲ್, ಯಾವ ಕಡೆ ನೋಡ್ಬೇಕು? ನೀವು ಹೂಂ ಅಂದ್ರೆ ಎರಡು ಕಣ್ಣನ್ನೂ ನಿಮ್ಮ ಕಿಟಕಿ ಕಡೆ ತಿರುಗಿಸ್ತೀನಿ."

ಅವಳು ಹಿಂದೆ ತಿರುಗಿ ತನ್ನ ಕಿಟಕಿ ನೋಡಿದಳು. ಆಸೆಯೇನೋ ಇತ್ತು. ಪಾನಕದ ಲೋಟ ಖಾಲಿ ಮಾಡಿ ಕೆಳಗಿಟ್ಟಳು.

"ಬೇಡ," ಅಂದಳು. "ನಲವತ್ತು ವರ್ಷದಲ್ಲಿ ಆಟ ನಡೀವಾಗ ಒಂದ್ಸಲನಾದ್ರೂ ನನ್ನ ಕಡೆ ನೋಡಿದವನಲ್ಲ. ಈಗ ನೋಡಿದ್ರೆ ಅವನು ಲೂಷಸ್ಸೇ ಅಲ್ಲ. ಚೆಂಡನ್ನೇ ನೋಡ್ಲಿ."

"ಚೆಂಡೆಲ್ಲಿರುತ್ತೆ?" ಅಂದ ಕ್ಲೈಡ್. "ಹೋಲ್ಟ್ ಜೊತೆ ಅದೂ ಹೋಗ್ಬೇಕಲ್ಲ."

"ಅದ್ಯಾಕೆ ಹೋಗ್ಬೇಕು? ಚೆಂಡು ನಮ್ದು."

ಶನಿವಾರ ಸಾರುವೆ ಬಿಚ್ಚಿದಾಗ ಬೀದಿಗೆ ಬೀದಿಯೇ ಬಂದು ನೋಡಿತು. ಹೋಲ್ಟ್ ಇದ್ದ ಜಾಗದಲ್ಲಿ ಬರೀ ತಿಳಿ ನೀಲಿ. ಹಿಂದಿನ ಜನ ಇನ್ನೂ ಕೈಯೆತ್ತಿ ಕೂಗುತ್ತಲೇ ಇದ್ದರು. ಅವರ ನಡುವೆ ಲೂಷಸ್, ಏಳು ವರ್ಷದಲ್ಲಿ ಮೊದಲ ಸಲ ಎರಡೂ ಕಣ್ಣು ತೆರೆದು ಮೇಲೆ ನೋಡುತ್ತಿದ್ದ. ಮೇಲೆ ಚೆಂಡಿತ್ತು. ಅದರ ಕೆಳಗೆ ಯಾರ ಕೈಯೂ ಇರಲಿಲ್ಲ.