ಊಟದ ಮೇಜಿನ ಮೇಲಿನ ಗಾಡಿ

ಅರವತ್ತು ದಾಟಿದವರು ವರ್ಷವರ್ಷವೂ ಅರ್ಧಕ್ಕರ್ಧ ಕುಗ್ಗುವುದು ಈಗ ಯಾರಿಗೂ ಹೊಸದಲ್ಲ. ರೈಲು ಓಡಿಸಿ ನಿವೃತ್ತರಾದ ಗುರುಸಿದ್ದಪ್ಪನವರು ಈ ಯುಗಾದಿಗೆ ಎಳ್ಳುಕಾಳಿನಷ್ಟಾಗಿದ್ದರು. ಅವರು ಗಾಡಿ ಓಡಿಸಲೆಂದು ಮಗಳು ಕುಮುದಿನಿ ಊಟದ ಮೇಜಿನ ಮೇಲೆ ಬಾಣಾವರ ಸ್ಟೇಷನ್ ಕಟ್ಟುತ್ತಿದ್ದಳು. ಪ್ರತಿ ವರ್ಷ ಹಳೆಯದನ್ನು ಕಿತ್ತು ಇನ್ನೂ ಚಿಕ್ಕದು. ಈ ಸಲ ಹಳಿಗಳಿಗೆ ಚಹಾ ಡಿಕಾಕ್ಷನ್ ಸವರಿ ತುಕ್ಕಿನ ಬಣ್ಣ ಬರಿಸಿ, ನಡುವೆ ರವೆಯ ಜಲ್ಲಿ ಸುರಿದಿದ್ದಳು.

"ಇದೇನೇ ಜಲ್ಲಿ, ಬಂಡೆ ಹಾಸ್ದಂಗಿದೆ. ಗ್ಯಾಂಗ್‌ಮನ್ ನೋಡಿದ್ರೆ ನಗ್ತಾನೆ." ಮಾತು ಕೇಳಲೆಂದು ಪ್ಲಾಟ್‌ಫಾರ್ಮಿಗೆ ಸಿಕ್ಕಿಸಿದ್ದ ಕೊಳವೆಯಲ್ಲಿ ಅಪ್ಪನ ದನಿ ಕೇಳಿಸಿತು.

"ಚಿರೋಟಿ ರವೆ ಅಪ್ಪ. ಇದಕ್ಕಿಂತ ಸಣ್ಣದು ಅಂಗಡೀಲಿ ಸಿಗಲ್ಲ."

"ಹಂಗಾದ್ರೆ ನಾನೇ ದೊಡ್ಡೋನಾಗ್ಬೇಕು ಬಿಡು," ಎಂದು ನಕ್ಕು ಅವರು ಎಂಜಿನ್ನಿನತ್ತ ಹೊರಟರು.

ಕುಮುದಿನಿ ಹಳಿಗೆ ಕರೆಂಟು ಕೊಡುವ ಸ್ವಿಚ್ಚಿನ ಮೇಲೆ ಬೆರಳಿಟ್ಟು, ಗಾರ್ಡಿನಂತೆ ಹಸಿರು ಬಾವುಟ ಬೀಸಿದಳು. ಡ್ರೈವರು ಬಾವುಟ ಬೀಸಿ ಉತ್ತರಿಸದೆ ಗಾಡಿ ಬಿಡುವಂತಿಲ್ಲವೆಂದು ಚಿಕ್ಕಂದಿನಲ್ಲೇ ಅಪ್ಪ ಕಲಿಸಿದ್ದರು. ಭೂತಗನ್ನಡಿ ಹಿಡಿದು ನೋಡಿದಳು. ಎಂಜಿನ್ನಿನ ಕಿಟಕಿಯಲ್ಲಿ ಕತ್ತಲೆಯಷ್ಟೇ ಕಂಡಿತು. ಅಪ್ಪ ಹತ್ತಿದ್ದಾರೋ, ಇನ್ನೂ ಹಳಿಯ ಮೇಲೇ ಇದ್ದಾರೋ?

"ಅಪ್ಪ, ಬಾವುಟ ತೋರ್ಸಿ."

ಪ್ಲಾಟ್‌ಫಾರ್ಮ್ ಬಿಟ್ಟರೆ ಅವರ ದನಿ ಕೊಳವೆಗೆ ಸಿಗುತ್ತಿರಲಿಲ್ಲ. ಅವರು ಒಳಗೆ ಕೂತು ಬೀಸುತ್ತಲೇ ಇದ್ದಿರಬಹುದು. ಗಾಡಿ ತಡವಾಯಿತೆಂದು ಮಗಳನ್ನು ಬೈಯುತ್ತಲೂ ಇದ್ದಿರಬಹುದು.

ಕುಮುದಿನಿ ಸ್ವಿಚ್ಚಿನ ಮೇಲಿಂದ ಬೆರಳು ತೆಗೆದಳು.