ದೊಣೆಯ ನೀರು

ಮಾಯಣ್ಣನಿಗಿಂತ ಮೊದಲು ತಾನು ಬೆಟ್ಟದ ತುದಿ ಮುಟ್ಟಬೇಕು. ಪುಷ್ಪಲತಾ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾರೆ ಮುಳ್ಳು ಮೈ ಗೀರಿದರೂ ನಿಲ್ಲದೆ ಹತ್ತುತ್ತಿದ್ದಳು.

"ನಿಧಾನ ಕಣಕ್ಕ! ದೊಣೆ ಏನು ತಿಪಟೂರು ಬಸ್ಸಾ, ಬುಟ್ಟು ಹೊಂಟೋಗಕ್ಕೆ?" ತಮ್ಮ ಮಾಯಣ್ಣ ಹಿಂದಿನಿಂದ ಕೂಗಿದ.

"ಅಪ್ಪನ ಬಾಯಿಗೆ ನೀರು ಬುಡೋಳು ನಾನು. ತರೋಳೂ ನಾನೇ. ನೀನು ಮೆಲ್ಲಕೆ ಬಾ."

ಕೆಳಗೆ ತೆಂಗಿನ ತೋಟಗಳ ನಡುವಿನ ಮನೆಯಲ್ಲಿ ಅಪ್ಪ ಹುಚ್ಚರಂಗಯ್ಯ ಮಲಗಿದ್ದ. ಡಾಕ್ಟರು ಕೈಚೆಲ್ಲಿ ಮನೆಗೆ ಕಳಿಸಿದ್ದರು. ಗಂಜಿ ಕೊಟ್ಟರೆ ನುಂಗುತ್ತಿದ್ದ. ಕೊನೆಯ ನೀರೆಂದು ತುಳಸಿ ದಳ ಅದ್ದಿ ಬಾಯಿಗೆ ಬಿಡಲು ಹೋದರೆ ಮಾತ್ರ ಹಲ್ಲು ಕಚ್ಚಿಬಿಡುತ್ತಿದ್ದ. "ಬೆಟ್ಟದ ದೊಣೆ ನೀರು ಬುಡ್ರೋ. ಅಲ್ಲೀಗಂಟ ನಾನು ಹೋಗಕಿಲ್ಲ." ತುದಿಯ ಬಂಡೆಯ ಕುಳಿಯಲ್ಲಿ ನಿಲ್ಲುವ ಆ ನೀರು ಅವನ ಪಾಲಿಗೆ ರಂಗನಾಥನ ತೀರ್ಥ. ಬೆಳಗಿನ ಜಾವ ರಾಗವಾಗಿ ಪದ್ಯ ಓದುತ್ತಿದ್ದ ಗಂಟಲಲ್ಲಿ ಈಗ ಉಳಿದಿದ್ದು ಇದೊಂದೇ ಮಾತು. ಅಕ್ಷರ ಕಲಿಯುವ ಮೊದಲೇ ಮಗಳು ಕಲಿತದ್ದು ಆ ದನಿಯನ್ನು.

ಕಾಡಿನ ಮೊದಲ ಕೆರೆ ಒಣಗಿ ಬಿರುಕು ಬಿಟ್ಟಿತ್ತು. ಮಾಯಣ್ಣ ಹಣೆ ಚಚ್ಚಿಕೊಂಡ. ಪುಷ್ಪಲತಾಳ ಕಾಲು ಚುರುಕಾದವು.

ಎರಡನೆಯ ಕೆರೆಯ ಏರಿ ಹತ್ತಿದ್ದೇ ಮಾಯಣ್ಣ ಕುಣಿದುಬಿಟ್ಟ. ನಡುವೆ ಒಂದಿಷ್ಟು ನೀರು ಹೊಳೆಯುತ್ತಿತ್ತು. "ನೋಡಕ್ಕ! ಇಲ್ಲೇ ಐತೆ ಅಂದ್ರೆ ದೊಣೇಲೂ ಇರ್ತದೆ ಬುಡು."

ಅವಳಿಗೆ ಅಳು ನುಗ್ಗಿ ಬಂತು. "ರಂಗಪ್ಪಾ, ಕೈ ಬುಡಬ್ಯಾಡ," ಎಂದು ಬೆಟ್ಟದ ಕಡೆ ಕೈ ಮುಗಿದಳು.

"ಅಳಬ್ಯಾಡ. ಬೆನ್ನೆಲ್ಲ ಹುಣ್ಣಾಗಿ ನರಳ್ತಾ ಅವ್ನೆ ಅಪ್ಪ. ಮಾತಿಗೆ ತಪ್ಪೋನಲ್ಲ ಅವ್ನು. ಆ ನೀರು ಬಾಯಿಗೆ ಬಿದ್ರೇನೇ ಹೋಗೋದು."

"ಗೊತ್ತು ಕಣ್ಲಾ. ಅದಕ್ಕೇ ಓಡ್ತಾ ಇರೋದು."

ಮುಂದೆ ದಾರಿಯೇ ಇರಲಿಲ್ಲ, ಬರೀ ಬೋಳು ಬಂಡೆ. ಹತ್ತಲಾರದೆ ಮಾಯಣ್ಣ ಬುಡದಲ್ಲೇ ಕುಸಿದು ಕುಳಿತ. ಅವಳು ಚೊಂಬನ್ನು ಸೆರಗಿಗೆ ಕಟ್ಟಿಕೊಂಡು, ಅಂಗೈ ಮೊಣಕಾಲು ಊರಿ ತೆವಳಿದಳು. ಉಗುರು ಕಿತ್ತು ರಕ್ತ ಬಂತು. ಕೆಳಗೆ ತಮ್ಮನ ಫೋನು ಹೊಡೆದುಕೊಂಡಿತು.

"ಅಕ್ಕಾ, ಮನೆಯಿಂದ! ಅಪ್ಪ ಬಾಗಿಲ ಕಡೆನೇ ನೋಡ್ತಾ ಅವ್ನಂತೆ! ಬೇಗ!"

ತುದಿಯಲ್ಲಿ ಬೋರಲು ಬಿದ್ದು ದೊಣೆಯೊಳಕ್ಕೆ ಕೈ ಚಾಚಿದಳು. ಕೈ ಮೊಣಕೈವರೆಗೂ ತಣ್ಣಗೆ ಮುಳುಗಿತು. ತಿಳಿ ನೀರು, ಅಂಚಿನ ತನಕ. ಬಹಳ ಹೊತ್ತು ಕೈ ಹಾಗೇ ಇತ್ತು.

"ನೀರು ಐತೇನಕ್ಕಾ?"

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಪುಷ್ಪಲತಾ ಬಂಡೆಯ ಅಂಚಿಗೆ ಬಂದು ಕೂಗಿದಳು: "ಒಂದು ತೊಟ್ಟೂ ಇಲ್ಲ ಕಣ್ಲಾ! ಮಳೆ ಬರೋಗಂಟ ತಡ್ಕಳಪ್ಪಾ ಅಂತ ಅಪ್ಪನಿಗೆ ಹೇಳು!"