ನೂರಾ ಹತ್ತು ಡಿಗ್ರಿ

ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಸೊಲ್ಲಾಪುರದ ಕಚೇರಿಗೆ "ಮಷೀನು ಈಗ ಸರಿಯಾಗಿದೆ" ಎಂದು ಫೋನು ಮಾಡಿ ಜಹೀರುದ್ದೀನ ಆಳಂದದ ಬೇಳೆ ಗಿರಣಿಗೆ ಮರಳಿದಾಗ ಕಂಪ್ರೆಸರ್ ನಿಂತುಬಿಟ್ಟಿತ್ತು. ಸತತ ಮೂರನೆಯ ದಿನ, ಅದೇ ಮಧ್ಯಾಹ್ನದ ಹೊತ್ತು. ಬೇಳೆಯೊಳಗಿನ ಕಪ್ಪು ಕಾಳನ್ನು ಗಾಳಿಯಿಂದ ಊದಿ ಬೇರ್ಪಡಿಸುವ ಹೊಸ ಯಂತ್ರವೂ ಗಾಳಿಯಿಲ್ಲದೆ ಸುಮ್ಮನೆ ಕುಳಿತಿತ್ತು.

"ಏನ್ರಿ ಇಂಜಿನಿಯರ್ ಸಾಹೇಬ್ರ," ಗಿರಣಿಯ ಮಾಲಕ ದೌಲತರಾಯ ಬಾಗಿಲಲ್ಲೇ ತಡೆದ. "ನೀವು ಬರೂಕಿಂತ ಮೊದಲ ಹತ್ತು ದಿನಕ್ಕೊಮ್ಮೆ ನಿಂದರ್ತಿತ್ತು. ನೀವು ಬಂದ ಮ್ಯಾಲ ದಿನಾ ನಿಂದರಾಕತ್ತದ. ರಿಪೇರಿ ಮಾಡಾಕ ಬಂದೀರೋ, ಕೆಡಸಾಕ ಬಂದೀರೋ? ನಾಳಿ ಒಂದಿನ ನೋಡ್ತೇನಿ. ನಾಳಿನೂ ನಿಂತ್ರ ಲಾರ್‍ಯಾಗ ಹಾಕಿ ನಿಮ್ಮ ಕಂಪನಿಗೆ ವಾಪಸ್ ಕಳಸ್ತೇನಿ. ನೀವೂ ಅದರ ಜೋಡಿನೇ ಹತ್ತಿ ಹೋಗ್ರಿ."

ಜಹೀರುದ್ದೀನನಿಗೆ ಇದು ಒಬ್ಬನೇ ಬಂದ ಮೊದಲ ಕೆಲಸ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮಷೀನು ಲಾರಿ ಹತ್ತಿದರೆ ಆಗುವುದೂ ಇಲ್ಲ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವನು, ಬಂದ ದಿನದಿಂದ ನೋಟುಬುಕ್ಕಿನಲ್ಲಿ ಕಂಪ್ರೆಸರಿನ ತಾಪಮಾನದ ಗೆರೆ ಎಳೆಯುತ್ತಿದ್ದ; ತಾನಿಲ್ಲದ ಹೊತ್ತಿನ ಅಂಕಿಗಳನ್ನು ಮಷೀನು ನಡೆಸುವವನು ಬರೆದಿಡುತ್ತಿದ್ದ. ಬೆಳಗಿನಿಂದ ಎಂಬತ್ತೈದು ಡಿಗ್ರಿಯಲ್ಲಿ ನೆಟ್ಟಗೆ ಹೋಗುವ ಗೆರೆ ಹನ್ನೆರಡರ ಸುಮಾರಿಗೆ ಗುಡ್ಡ ಹತ್ತುತ್ತಿತ್ತು. ನೂರಾ ಹತ್ತು ಮುಟ್ಟಿದರೆ ಮಷೀನು ತನ್ನನ್ನು ತಾನು ಕಾಪಾಡಿಕೊಳ್ಳಲು ನಿಲ್ಲುತ್ತದೆ. ಮೊದಲ ದಿನ ಎಣ್ಣೆ, ಫಿಲ್ಟರ್ ಬದಲಿಸಿದ. ಎರಡನೆಯ ದಿನ ಎಣ್ಣೆ ತಣಿಸುವ ಕೂಲರಿನ ಧೂಳು ತೆಗೆದ. ಮೂರನೆಯ ದಿನ ಥರ್ಮೋಸ್ಟ್ಯಾಟ್ ವಾಲ್ವನ್ನೇ ಹೊಸದು ಹಾಕಿದ. ಆಳಂದದ ಮೇ ತಿಂಗಳ ಬಿಸಿಲಲ್ಲಿ ತಕರಾರಿಲ್ಲದೆ ಓಡಿದ ಮಷೀನು ಜನವರಿಯ ಥಂಡಿಯಲ್ಲಿ ಕಾಯುವುದೆಂದರೆ ಏನು? ತಾನು ಓದಿದ ಯಾವ ಪುಸ್ತಕವೂ ಇದನ್ನು ಒಪ್ಪುವುದಿಲ್ಲ ಎನ್ನಿಸಿತು.

"ಮೊದಲ ಉಣ್ಣಾಕ ಬರ್ರಿ," ಎಂದು ಕರೆದಳು ಬೇಳೆ ಆರಿಸುವ ಚಂದಮ್ಮ. "ನಿಮ್ಮ ಮಾರಿ ನೋಡಿದ್ರ ಮಷೀನಿಗಿಂತ ನೀವೇ ಜಾಸ್ತಿ ಕಾದೀರಿ."

ಪುಂಡಿಪಲ್ಯ, ಶೇಂಗಾ ಹಿಂಡಿ, ಮತ್ತು ಈಗಷ್ಟೇ ಹಂಚಿನಿಂದ ಇಳಿಸಿದಂಥ ಬಿಸಿ ಜೋಳದ ರೊಟ್ಟಿ. ಮೂರು ದಿನಗಳಲ್ಲಿ ಅವನಿಗೆ ಸಮಾಧಾನ ಕೊಟ್ಟದ್ದು ಅದೊಂದೇ.

ದಿನಾ ಹನ್ನೊಂದಕ್ಕೆ ಕಚೇರಿಗೆ ಫೋನು ಮಾಡಲು ಹೋಗುತ್ತಿದ್ದವನು ನಾಲ್ಕನೆಯ ದಿನ ಬೂತಿಗೆ ಹೋಗಲಿಲ್ಲ. ಹೇಳಲು ಏನಾದರೂ ಇದ್ದರಲ್ಲವೇ! ಕಂಪ್ರೆಸರ್ ಕೋಣೆಯಲ್ಲಿ ಖಾಲಿ ಡಬ್ಬವೊಂದನ್ನು ಬೋರಲು ಹಾಕಿ, ಮೀಟರಿನ ಮುಳ್ಳಿಗೆ ಎದುರಾಗಿ ಕುಳಿತ. ಹನ್ನೊಂದೂವರೆಗೆ ಚಂದಮ್ಮ ಸೆರಗಿನ ತುಂಬ ಬಟ್ಟೆಯ ಗಂಟುಗಳನ್ನು ಹೊತ್ತು ಒಳಗೆ ಬಂದಳು. ಮಷೀನು ನಡೆಸುವ ಮಲ್ಕಪ್ಪ ಎದ್ದು ಕೈ ಜೋಡಿಸಿದ. ಕೂಲರಿನ ಬಿಸಿಗಾಳಿ ಮೇಲಕ್ಕೆ ಹೋಗುವ ಜಾಳಿಗೆಯ ಅಂಚಿಗೆ ಇಬ್ಬರೂ ಗಂಟುಗಳನ್ನು ಸಾಲಾಗಿ ಇಟ್ಟರು. ಆಮೇಲೆ ಒಂದು ಹಿತ್ತಾಳೆ ಡಬ್ಬಿ. ಕೊನೆಗೆ ನಟ್ಟನಡುವೆ ಎಲ್ಲಕ್ಕಿಂತ ದೊಡ್ಡ ಗಂಟು. ಅದರ ಮೇಲೆ ನಾಲ್ಕು ಮಡಿಕೆಯ ಗೋಣಿಚೀಲ.

ಮುಳ್ಳು ತೊಂಬತ್ತು ದಾಟಿತು. ತೊಂಬತ್ತೆಂಟು. ನೂರಾ ಮೂರು.

"ಏನ್ರಿ ಇವು?" ಜಹೀರುದ್ದೀನ ಗಂಟುಗಳತ್ತ ಕೈ ತೋರಿಸಿದ.

"ರೊಟ್ಟಿ ಅಲ್ಲೇನ್ರಿ? ಥಂಡ್ಯಾಗ ಬಿರುಸಾಗ್ತಾವಂತ ದೀಪಾವಳಿಯಿಂದ ಇಲ್ಲೇ ಇಡಾಕತ್ತೇವಿ. ನೀವು ಫೋನ್ ಮಾಡಿ ಬರೂದ್ರಾಗ ತೆಗದಿರ್ತೇವಿ," ಎಂದಳು ಚಂದಮ್ಮ.

"ನಡುವಿನ ಗಂಟು ಯಾರದು?"

ಮಲ್ಕಪ್ಪ ನಕ್ಕ. "ನಿಮ್ಮದೇ ಅಲ್ರಿ! ಊರಿಗೆ ಬಂದವರಿಗೆ ಥಣ್ಣನ್ನ ರೊಟ್ಟಿ ಹಾಕಾಕ ಬರ್ತದೇನು? ಮೊದಲನೇ ದಿನ ನೀವೇ ಅಂದ್ರಿ, ಇಂಥಾ ಬಿಸಿ ರೊಟ್ಟಿ ನಮ್ಮ ಮನ್ಯಾಗೂ ಸಿಗಂಗಿಲ್ಲಂತ. ಅದಕ್ಕ ಮರುದಿನದಿಂದ ಚೀಲಾನೂ ಹೊಚ್ಚೇವಿ."

ನೂರಾ ಏಳು. ಜಹೀರುದ್ದೀನ ಜಿಗಿದು ಚೀಲ ಎಳೆದ, ತನ್ನ ಗಂಟು ಎತ್ತಿದ, ಉಳಿದವನ್ನೂ ಒಂದೊಂದಾಗಿ ಕೆಳಗಿಳಿಸಿದ. ಜಾಳಿಗೆಯಿಂದ ಬಿಸಿಗಾಳಿ ಭರ್ರೆಂದು ಮೇಲೆದ್ದಿತು. ಮುಳ್ಳು ಒಂದು ಗಳಿಗೆ ನಡುಗಿ, ನಿಧಾನಕ್ಕೆ ಎಂಬತ್ತೈದಕ್ಕೆ ಬಂದು ನಿಂತಿತು. ನೋಟುಬುಕ್ಕು ತೆರೆದು ನೋಡಿದ. ತಾನು ಬಂದ ದಿನದಿಂದ ಪ್ರತಿ ಮಧ್ಯಾಹ್ನ ಗುಡ್ಡ ಹತ್ತಿದ ಆ ಗೆರೆ ತನ್ನದೇ ಊಟದ ಗೆರೆ.

ಒಂದು ಗಂಟೆಗೆ ದೌಲತರಾಯ ಬಂದ. ಮಷೀನು ಒಂದೇ ಸಮನೆ ಓಡುತ್ತಿತ್ತು.

"ಶಹಬ್ಬಾಸ್! ಏನಾಗಿತ್ರಿ ಇದಕ್ಕ?"

ಚಂದಮ್ಮ ನೆಲ ನೋಡಿದಳು. ಮಲ್ಕಪ್ಪ ಟೋಪಿ ಸರಿಮಾಡಿಕೊಂಡ. "ಗಾಳಿ ಹೋಗೂ ದಾರಿಗೆ ಏನೋ ಅಡ್ಡ ಆಗಿತ್ರಿ," ಎಂದ ಜಹೀರುದ್ದೀನ. "ತೆಗದೇನಿ."

"ಇಷ್ಟೇನಾ? ಅದಕ್ಕ ನಾಲ್ಕು ದಿನ ಬೇಕಾತೇನ್ರಿ! ಇರಲಿ, ಕೊಡ್ರಿ ಕಾಗದ, ಸಹಿ ಹಾಕ್ತೇನಿ."

ಕಾಗದದ ಕೊನೆಯ ಸಾಲು ತುಂಬುವುದಿತ್ತು. 'ಇನ್ನು ಮುಂದೆ ಈ ತೊಂದರೆ ಬರಲಾರದು' ಎಂದು ಜಹೀರುದ್ದೀನ ದುಂಡಗೆ ಬರೆದುಕೊಟ್ಟ. ದೌಲತರಾಯ ಅದರ ಕೆಳಗೆ ಉದ್ದನೆಯ ಸಹಿ ಎಳೆದು, ನೆಲದ ಮೇಲಿದ್ದ ಹಿತ್ತಾಳೆ ಡಬ್ಬಿಯನ್ನು ಕೈಗೆತ್ತಿಕೊಂಡು ಮುಚ್ಚಳ ತೆರೆದ. ರೊಟ್ಟಿ ಮುರಿದ. ಅದು ಹಪ್ಪಳದಂತೆ ಚಟ್ಟೆಂದಿತು.

"ಏ ಮಲ್ಕಪ್ಪ, ಏನ್ಲೇ ಇದು? ನಮ್ಮ ಮನಿ ರೊಟ್ಟಿ ಇವತ್ಯಾಕ ಹಿಂಗ ಥಣ್ಣಗ ಆಗ್ಯಾವ? ದಿನಾ ಹೆಂಗ ಬಿಸಿ ಮಾಡ್ತಿದ್ದಿ, ನಾಳಿಯಿಂದ ಹಂಗೇ ಮಾಡಬೇಕು ನೋಡು. ನನಗ ನೆಪ ಬ್ಯಾಡ."

ಮಲ್ಕಪ್ಪ ಜಹೀರುದ್ದೀನನ ಮುಖ ನೋಡಿದ. ಜಹೀರುದ್ದೀನ ಕೈಯಲ್ಲಿದ್ದ ಕಾಗದ ನೋಡಿದ. ಕೊನೆಯ ಸಾಲಿನ ಶಾಯಿ ಇನ್ನೂ ಆರಿರಲಿಲ್ಲ.